ಜರ್ಮನ್ ಕ್ಲಾಸು ಕಲಬುರಗಿಯ ಪಡಸಾಲೆಯಿಂದಲೇ ಶುರುವಾಗಲಿ

ಹೋದ ಭಾನುವಾರ ಶಹಾಪುರದ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದಿದ್ದಳು. ಇಲ್ಲೇ ಕಲಬುರಗಿಯಲ್ಲಿ ನರ್ಸಿಂಗ್ ಮುಗಿಸಿದ್ದಾಳೆ. ಮದುವೆ ಗೊತ್ತಾಗಿದೆ, ಹುಡುಗ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ಚಹಾ ಕುಡಿಯುತ್ತಾ ಕೇಳಿದಳು: "ಅಕ್ಕಾ, ಅಲ್ಲಿ ಹೋದ ಮ್ಯಾಲ ಕಲಿತರ ಆಗಂಗಿಲ್ಲೇನು? ಇಲ್ಲೇ ಯಾಕ ಇಷ್ಟ್ ತ್ರಾಸ್ ತಗೋಬೇಕು?"

2018ರಲ್ಲಿ ನಾನೂ ಇದನ್ನೇ ಕೇಳಿದ್ದೆ. 2019ರ ಜೂನ್‌ನಲ್ಲಿ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಗಂಡನ ಹತ್ತಿರ ಜರ್ಮನಿಗೆ ಹೋದೆ. ಐದು ವರ್ಷ ಅಲ್ಲಿದ್ದೆ. ಅತ್ತೆಯವರ ಆರೋಗ್ಯ ಸರಿ ಇರಲಿಲ್ಲ ಅಂತ 2024ರಲ್ಲಿ ವಾಪಸ್ ಬಂದೆವು. ಆಮೇಲಿಂದ ಸಂಜೆ ಹೊತ್ತು ನಮ್ಮ ಪಡಸಾಲೆಯಲ್ಲಿ ಯಾರಾದರೂ ಒಬ್ಬರು ಕೂತಿರುತ್ತಾರೆ. ಭಾಲ್ಕಿಯಿಂದ ಬಂದ ಸೊಸೆ, ನರ್ಸಿಂಗ್ ಕಾಲೇಜಿನ ಹುಡುಗಿಯರು, ಗಂಡನ ಫೋನಿಗೆ ಕಾಯುತ್ತಿರುವ ಹೊಸ ಮದುಮಗಳು. ಎಲ್ಲರಿಗೂ ಮತ್ತೆ ಮತ್ತೆ ಹೇಳುವ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಗೊತ್ತಿರುವುದು ಜರ್ಮನಿಯ ದಾರಿ. ಬೇರೆ ದೇಶದ ವಿಷಯ ಕೊನೆಯ ಕಡೆಗೆ ಸ್ವಲ್ಪ ಬರುತ್ತದೆ.

ಕ್ಲಾಸು ಇಲ್ಲೇ ಶುರು ಮಾಡಿ. ಅಲ್ಲಿ ಹೋದ ಮೊದಲ ತಿಂಗಳಲ್ಲೇ ನೀವೇ ನಡೆದುಕೊಂಡು ಹೋಗಿ ಮುಂದಿನ ಕ್ಲಾಸಿಗೆ ಹೆಸರು ಬರೆಸಿ. ನಾನು ಏಳು ತಿಂಗಳು ತಡ ಮಾಡಿದೆ. ಅದರಿಂದ ಏನು ಕಳೆದುಕೊಂಡೆ ಅಂತ ಮುಂದೆ ಹೇಳುತ್ತೇನೆ.

ಇಲ್ಲಿ ಕೂತು ಮಾಡುವ ಕೆಲಸ

ಜರ್ಮನಿಯಲ್ಲಿರುವ ಗಂಡ ಅಥವಾ ಹೆಂಡತಿಯ ಹತ್ತಿರ ಹೋಗಲು ವೀಸಾ ಕೇಳುವಾಗ ಸಾಮಾನ್ಯವಾಗಿ ಎ1 ಪರೀಕ್ಷೆ ಪಾಸಾದ ಸರ್ಟಿಫಿಕೇಟ್ ತೋರಿಸಬೇಕು. ಎ1 ಅಂದರೆ ಮೊದಲ ಮೆಟ್ಟಿಲು. ಅದರ ಮೇಲೆ ಎ2, ಬಿ1, ಬಿ2, ಸಿ1, ಸಿ2. ಕರೆಸಿಕೊಳ್ಳುವವರ ಹತ್ತಿರ ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿ ಕೆಲಸಕ್ಕೆ ಬಂದ ವಿದೇಶಿಯರಿಗೆ ಕೊಡುವ ಪರ್ಮಿಟ್, ಇದ್ದರೆ ಎ1 ಕಡ್ಡಾಯವಲ್ಲ. ನಮ್ಮ ಮನೆಯವರದು ಬ್ಲೂ ಕಾರ್ಡ್ ಆಗಿರಲಿಲ್ಲ, ಹಾಗಾಗಿ ನಾನು ಬರೆದೆ. ಕಡ್ಡಾಯ ಇಲ್ಲದವರಿಗೂ ಬರೆದೇ ಹೋಗಿ ಅನ್ನುತ್ತೇನೆ. ಬರೆಯದೆ ಹೋದ ಅಕ್ಕಂದಿರು ಅಲ್ಲಿನ ಅಂಗಡಿಯಲ್ಲಿ ಬಾಯಿ ಬಿಡಲಾಗದೆ ನಿಂತಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಪರೀಕ್ಷೆ ಎಲ್ಲಿ? ಬೆಂಗಳೂರಿನ ಇಂದಿರಾನಗರದಲ್ಲಿ ಗೋಯ್ಥೆ ಇನ್‌ಸ್ಟಿಟ್ಯೂಟ್ ಇದೆ, ಜನ ಮ್ಯಾಕ್ಸ್ ಮುಲ್ಲರ್ ಭವನ ಅಂತಲೂ ಕರೆಯುತ್ತಾರೆ. ನಾನು ರಾತ್ರಿ ರೈಲು ಹತ್ತಿ ಅಲ್ಲಿಗೇ ಹೋಗಿದ್ದೆ. ಬೀದರ್ ಕಡೆಯವರಿಗೆ ಹೈದರಾಬಾದಿನ ಗೋಯ್ಥೆ ಸೆಂಟರ್ ಹತ್ತಿರ, ಕಲಬುರಗಿಯಿಂದಲೂ ಅದೇ ಹತ್ತಿರ. ಪುಣೆಯಲ್ಲೂ ಇದೆ. ಸೀಟುಗಳು ಬೇಗ ತುಂಬುತ್ತವೆ. ಓದಿ ಮುಗಿಸಿ ಆಮೇಲೆ ನೋಡೋಣ ಅಂದರೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ತಾರೀಖು ಮೊದಲು ಹಿಡಿಯಿರಿ.

ಪರೀಕ್ಷೆಯಲ್ಲಿ ನಾಲ್ಕು ಭಾಗ. ಕೇಳುವುದು 20 ನಿಮಿಷ, ಓದುವುದು 25 ನಿಮಿಷ, ಬರೆಯುವುದು 20 ನಿಮಿಷ, ಮಾತಾಡುವುದು ಸುಮಾರು 15 ನಿಮಿಷ. ನೂರಕ್ಕೆ 60 ಬಂದರೆ ಪಾಸು. ಬರೆಯುವ ಭಾಗದಲ್ಲಿ ಒಂದು ಫಾರಂ ತುಂಬಬೇಕು, ಮೂವತ್ತು ಪದಗಳಷ್ಟು ಒಂದು ಸಣ್ಣ ಪತ್ರ ಬರೆಯಬೇಕು. ಮಾತಾಡುವ ಭಾಗದಲ್ಲಿ ನಿಮ್ಮ ಪರಿಚಯ ಹೇಳಬೇಕು, ನಿಮ್ಮ ಹೆಸರನ್ನೋ ಊರನ್ನೋ ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕು, ಒಂದು ಫೋನ್ ನಂಬರು ಹೇಳಬೇಕು. ನಮ್ಮ ಊರನ್ನು ಜರ್ಮನ್ ಅಕ್ಷರಗಳಲ್ಲಿ ಬಿಡಿಸಿದರೆ ಹೀಗಿರುತ್ತದೆ: ಕಾ, ಆ, ಎಲ್, ಆ, ಬೇ, ಊ, ಎರ್, ಆ, ಗೇ, ಈ. ಇಂಗ್ಲಿಷಿನ ಅಭ್ಯಾಸದಿಂದ "ಈ" (I) ಅನ್ನುವುದನ್ನು E ಅಂದುಕೊಂಡು ಸುಮಾರು ಜನ ಎಡವುತ್ತಾರೆ. ದಿನಾ ಐದು ಹೆಸರು ಬಿಡಿಸಿ ಹೇಳಿ. ತಂಗಿಯ ಹೆಸರು, ಅಂಗಡಿಯ ಹೆಸರು, ಯಾವುದಾದರೂ ಆದೀತು.

ಕೋಚಿಂಗಿಗೆ ದುಡ್ಡು ಕಟ್ಟುವ ಮುಂಚೆ ನನ್ನ ಕಥೆ ಒಂಚೂರು ಕೇಳಿ. "ಹದಿನೈದು ದಿನದಲ್ಲಿ ಎ1, ಗ್ಯಾರಂಟಿ" ಅಂದ ಒಂದು ಕಡೆ ನಾನು 12 ಸಾವಿರ ಕಟ್ಟಿದೆ. ಅಲ್ಲಿ ಹಳೆಯ ಪ್ರಶ್ನೆಗಳ ಝೆರಾಕ್ಸ್ ಕೊಟ್ಟು ಬಾಯಿಪಾಠ ಮಾಡಿಸಿದರು. ಹದಿನೈದು ದಿನದಲ್ಲಿ ನಾನು ಜೋರಾಗಿ ಆಡಿದ ಜರ್ಮನ್ ವಾಕ್ಯ ಹತ್ತೂ ಇರಲಿಲ್ಲ. ಹಾಗಾಗಿ ಎರಡು ವಿಷಯ ವಿಚಾರಿಸಿ. ಕಲಿಸುವವರು ಸ್ವತಃ ಬಿ2 ಆದರೂ ಮುಗಿಸಿದ್ದಾರಾ? ಒಂದು ತಾಸಿನ ಕ್ಲಾಸಿನಲ್ಲಿ ಒಬ್ಬೊಬ್ಬರೂ ಎಷ್ಟು ಹೊತ್ತು ಮಾತಾಡುತ್ತಾರೆ? ಒಂದು ದಿನ ಸುಮ್ನೆ ಹಿಂದೆ ಕೂತು ನೋಡಲು ಬಿಡದಿದ್ದರೆ ಎದ್ದು ಬನ್ನಿ. ಡಾಯ್ಚೆ ವೆಲ್ಲೆ ಅನ್ನುವ ಜರ್ಮನ್ ಪ್ರಸಾರ ಸಂಸ್ಥೆ ಎ1ನಿಂದ ಬಿ1ವರೆಗಿನ ಪಾಠಗಳನ್ನು ಪುಕ್ಕಟೆ ಕೊಡುತ್ತದೆ. ಕೊನೆಗೆ ನನ್ನನ್ನು ದಡ ಮುಟ್ಟಿಸಿದ್ದು ಅದು. ಮೊಬೈಲ್ ಇದ್ದರೆ ಸಾಕು.

ನಾಲ್ಕು ತಿಂಗಳು, ದಿನಕ್ಕೆ ಒಂದೂವರೆ ತಾಸು. ನನಗೆ ಇಷ್ಟು ಹಿಡಿಯಿತು. ಮುಂಜಾನೆ ಆರಕ್ಕೆ ಒಂದು ತಾಸು ಹೊಸ ಪಾಠ. ಉಳಿದ ಅರ್ಧ ತಾಸು ರೊಟ್ಟಿ ಬಡಿಯುವಾಗ. ಕೈ ಹಿಟ್ಟಿನಲ್ಲಿದ್ದಾಗ ಪುಸ್ತಕ ಹಿಡಿಯಲಾಗದು, ಆದರೆ ಕಿವಿ ಖಾಲಿ ಇರುತ್ತದೆ. ಬೆಳಗಿನ ಪಾಠದ ಆಡಿಯೋ ಹಾಕಿ, ಒಂದೊಂದು ರೊಟ್ಟಿಗೆ ಒಂದೊಂದು ವಾಕ್ಯ ಜೋರಾಗಿ ಹೇಳುತ್ತಿದ್ದೆ.

ನಮ್ಮ ಭಾಗದವರಿಗೆ ಸುಲಭವಾಗುವುದು

ನಾನು ತುಂಬ ಪ್ರೀತಿಯಿಂದ ಕಲಿಸುವ ಪಾಠ ಇದು. ನಮ್ಮ ಕಡೆ ಒಂದೇ ಭಾಷೆ ಗೊತ್ತಿರುವವರು ಕಡಿಮೆ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಉರ್ದು, ಬೀದರ್ ಕಡೆ ಮರಾಠಿ, ಯಾದಗಿರಿ ಗಡಿಯಲ್ಲಿ ತೆಲುಗು, ತಾಂಡಾದಲ್ಲಿ ಲಂಬಾಣಿ. ಇದನ್ನೆಲ್ಲ ನಾವು ಕ್ಲಾಸಿಗೆ ಹೋಗಿ ಕಲಿತವರಲ್ಲ. ಈ ಭಾಷೆಗಳು ಜರ್ಮನ್ ಕಲಿಯುವಾಗ ಒಂದೊಂದೂ ಕೈ ಹಿಡಿಯುತ್ತವೆ.

ಉರ್ದು ಕೇಳಿ ಬೆಳೆದವರಿಗೆ "ಖಬರ್" ಅನ್ನುವಾಗ ಗಂಟಲಿನಿಂದ ಬರುವ ಆ ಖ ಗೊತ್ತು. ಜರ್ಮನಿನ "ಬೂಖ್", ಅಂದರೆ ಪುಸ್ತಕ, ಅದರ ಕೊನೆಯ ಸದ್ದು ಅದೇ. "ಇಶ್", ಅಂದರೆ ನಾನು, ಅದರ ಸದ್ದು ಬೇರೆ. ಶ ಮತ್ತು ಹ ನಡುವೆ ಎಲ್ಲೋ ಬೀಳುತ್ತದೆ, ಉಸಿರು ಹೆಚ್ಚು. ಯು ಅಕ್ಷರದ ಮೇಲೆ ಎರಡು ಚುಕ್ಕಿ ಇರುವ ಸ್ವರಕ್ಕೆ ತುಟಿಯನ್ನು "ಊ" ಅನ್ನುವ ಹಾಗೆ ಗುಂಡಗೆ ಮಾಡಿ, ಒಳಗಿನಿಂದ "ಈ" ಅನ್ನಿ. ಕನ್ನಡಿ ಮುಂದೆ ನಿಂತು ಮಾಡಿ, ಎರಡು ದಿನದಲ್ಲಿ ಬರುತ್ತದೆ.

ಸಂಖ್ಯೆಗಳಿಗೆ ಕನ್ನಡ ಬಿಟ್ಟು ಉರ್ದು ಹಿಡಿಯಿರಿ. ನಾವು ಇಪ್ಪತ್ತೊಂದು ಅನ್ನುತ್ತೇವೆ, ಇಪ್ಪತ್ತು ಮೊದಲು. ಉರ್ದುವಿನ ಇಕ್ಕೀಸ್, ಬಾಯೀಸ್‌ನಲ್ಲಿ ಒಂದು, ಎರಡು ಮೊದಲು ಬರುತ್ತದೆ. ಜರ್ಮನಿನಲ್ಲೂ ಹಾಗೇ, ಐನ್-ಉಂಟ್-ತ್ಸ್ವಾನ್‌ತ್ಸಿಶ್, ಒಂದು ಮತ್ತು ಇಪ್ಪತ್ತು. ಫೋನ್ ನಂಬರು ಬರೆದುಕೊಳ್ಳುವಾಗ 47 ಹೋಗಿ 74 ಆಗುವುದು ಈ ಕಾರಣಕ್ಕೆ. ಯಾರಾದರೂ ನಂಬರು ಹೇಳಿದರೆ ಒಂದೊಂದೇ ಅಂಕಿ ಹೇಳಿ ಅಂತ ಕೇಳಿಕೊಳ್ಳಿ.

ಇನ್ನು ಕನ್ನಡದ ಉಪಕಾರ. ಇಂಗ್ಲಿಷಿನವರು ಚಳಿಯಾದರೆ "ನಾನು ಚಳಿ ಇದ್ದೇನೆ" ಅನ್ನುವ ರೀತಿ ಮಾತಾಡುತ್ತಾರೆ. ಜರ್ಮನರು "ಮಿಯರ್ ಇಸ್ಟ್ ಕಾಲ್ಟ್" ಅನ್ನುತ್ತಾರೆ. ಮಿಯರ್ ಅಂದರೆ ನನಗೆ. ನನಗೆ ಚಳಿ, ಅಷ್ಟೇ. ನಮ್ಮ "ಗೆ" ಅಲ್ಲಿ ಬಹಳ ಕಡೆ ಕೂತಿದೆ. ಹಾಗೇ ಕ್ರಿಯಾಪದ ಕೊನೆಗೆ ಹೋಗುವುದು. "ಇಶ್ ಹಾಬೆ ಹಾಯ್ಟೆ ರೈಸ್ ಗೆಕೌಫ್ಟ್", ನಾನು ಇವತ್ತು ಅಕ್ಕಿ ಕೊಂಡೆ. ಕೊಂಡ ಮಾತು ವಾಕ್ಯದ ತುದಿಯಲ್ಲಿದೆ, ನಮ್ಮ ಹಾಗೇ. "ವೈಲ್", ಅಂದರೆ ಯಾಕಂದ್ರೆ, ಅದನ್ನು ಹಾಕಿದರೂ ಕ್ರಿಯಾಪದ ಕೊನೆಗೇ ಓಡುತ್ತದೆ. ಕ್ಲಾಸಿನಲ್ಲಿ ಸ್ಪೇನಿನವರು, ಬ್ರೆಜಿಲಿನವರು ಇದಕ್ಕೆ ಒದ್ದಾಡುವಾಗ ನನಗೆ ಅದು ಮನೆಯ ಮಾತಿನ ಹಾಗೆ ಬಂತು. ದೊಡ್ಡವರಿಗೆ "ಜೀ", ಆಪ್ತರಿಗೆ "ಡು", ನಮ್ಮ ನೀವು ಮತ್ತು ನೀನು. ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಕಷ್ಟವಾಗುವುದು ಲಿಂಗ. ಪ್ರತಿ ವಸ್ತುವಿಗೂ ಡೇರ್, ಡೀ, ಡಾಸ್, ಮೂರರಲ್ಲಿ ಒಂದು ಬೇಕು. ಕನ್ನಡದಲ್ಲಿ ವಸ್ತುಗಳೆಲ್ಲ "ಅದು". ಅಲ್ಲಿ ಚಮಚ ಡೇರ್ ಲೋಫೆಲ್, ಅಂದರೆ ಗಂಡು. ಮುಳ್ಳು ಚಮಚ ಡೀ ಗಾಬೆಲ್, ಹೆಣ್ಣು. ಚಾಕು ಡಾಸ್ ಮೆಸ್ಸರ್, ಎರಡೂ ಅಲ್ಲ. ಮರಾಠಿ ಬಲ್ಲವರಿಗೆ ತೋ, ತೀ, ತೇ ಇರುವುದರಿಂದ ಇದು ಬೇಗ ಒಗ್ಗುತ್ತದೆ. ಭಾಲ್ಕಿಯ ಸೊಸೆ ಒಂದೇ ವಾರದಲ್ಲಿ ನನ್ನನ್ನು ಹಿಂದೆ ಹಾಕಿದಳು. ನಾನು ಮೂರು ಬಣ್ಣದ ಚೀಟಿ ಮಾಡಿದ್ದೆ: ಡೇರ್‌ಗೆ ನೀಲಿ, ಡೀಗೆ ಕೆಂಪು, ಡಾಸ್‌ಗೆ ಹಸಿರು. ಅಡುಗೆಮನೆಯ ಎಲ್ಲ ಸಾಮಾನಿಗೂ ಅಂಟಿಸಿದೆ. ಓದಲು ಬಾರದ ನಮ್ಮ ಅತ್ತೆ ಬಣ್ಣ ನೋಡಿಯೇ "ಇದು ನೀಲಿದು, ಡೇರ್ ಅದ" ಅಂತ ನನಗೆ ಪರೀಕ್ಷೆ ಮಾಡುತ್ತಿದ್ದರು. ಹೊಸ ಪದ ಬರೆದುಕೊಳ್ಳುವಾಗ ಡೇರ್, ಡೀ, ಡಾಸ್ ಬಿಟ್ಟು ಬರೆಯಬೇಡಿ. ಆಮೇಲೆ ಸೇರಿಸುತ್ತೇನೆ ಅಂದರೆ ಸೇರುವುದೇ ಇಲ್ಲ.

ಆ ಕಾಗದ ಫೈಲಿನಲ್ಲಿ ಮಲಗಬಾರದು

ಜರ್ಮನಿಯಲ್ಲಿ ಹೊಸ ಮನೆಗೆ ಹೋದ ಎರಡು ವಾರದೊಳಗೆ ಊರಿನ ಆಫೀಸಿನಲ್ಲಿ ವಿಳಾಸ ನೋಂದಾಯಿಸಬೇಕು. ಆಮೇಲೆ ವಿದೇಶಿಯರ ಆಫೀಸಿನಲ್ಲಿ ವಾಸದ ಪರ್ಮಿಟ್. ಗಂಡನೋ ಹೆಂಡತಿಯೋ ಇರುವ ಕಡೆ ಉಳಿಯಲು ಬಂದು ಮೊದಲ ಸಲ ಪರ್ಮಿಟ್ ಪಡೆದ ನನಗೆ ಅಲ್ಲಿ ಇಂಟಿಗ್ರೇಷನ್ ಕೋರ್ಸಿಗೆ, ಅಂದರೆ ಹೊಸದಾಗಿ ಬಂದವರಿಗೆ ಭಾಷೆ ಮತ್ತು ದೇಶದ ರೀತಿ ಕಲಿಸುವ ಕ್ಲಾಸಿಗೆ, ಸೇರುವ ಅರ್ಹತೆಯ ಕಾಗದ ಕೊಟ್ಟರು. ಜೊತೆಗೆ ಸುತ್ತಮುತ್ತ ಕ್ಲಾಸು ನಡೆಸುವ ಶಾಲೆಗಳ ಪಟ್ಟಿ. ಶಾಲೆ ಆರಿಸುವುದು ನಮ್ಮ ಕೈಯಲ್ಲಿ. ಕಿಟಕಿಯ ಹಿಂದೆ ಕೂತವರು ತಾವಾಗಿ ಕೊಡದಿದ್ದರೆ ನೀವೇ ಬಾಯಿಬಿಟ್ಟು ಕೇಳಿ. ನಿಯಮ, ಫೀಸು ಆಗಾಗ ಬದಲಾಗುತ್ತವೆ, ಆ ದಿನದ್ದನ್ನು ಆ ಆಫೀಸಿನಲ್ಲೇ ತಿಳಿದುಕೊಳ್ಳಿ.

ನನ್ನ ಕಾಗದವನ್ನು ಮನೆಯವರು ಕರೆಂಟ್ ಬಿಲ್ಲು, ಬಾಡಿಗೆ ಕರಾರು ಇರುವ ಫೈಲಿನಲ್ಲಿ ಇಟ್ಟರು. ಮಗಳು ಸಣ್ಣವಳು, ಮನೆ ಹೊಂದಿಸಬೇಕು, ಚಳಿ ಕಳೆಯಲಿ ಅಂತ ನಾನೂ ಸುಮ್ಮನಾದೆ. ಅಂಗಡಿಯಲ್ಲಿ ಅವರೇ ಮಾತಾಡುತ್ತಿದ್ದರು, ಬಸ್ಸಿನಲ್ಲಿ ಅವರೇ, ಮಗಳ ಶಿಶುವಿಹಾರದಲ್ಲಿ ಅವರೇ. ಪ್ರೀತಿಯಿಂದಲೇ ಮಾಡುತ್ತಿದ್ದರು. ಕಲಬುರಗಿಯಲ್ಲಿ ಕಷ್ಟಪಟ್ಟು ಕಲಿತ ಎ1 ಆ ಏಳು ತಿಂಗಳಲ್ಲಿ ಸವೆದು ಹೋಯಿತು.

2020ರ ಜನವರಿಯಲ್ಲಿ ಒಂದು ರಾತ್ರಿ ಮಗಳಿಗೆ ಜ್ವರ ಬಂತು. ಅವರು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು, ಫೋನ್ ತಾಗಲಿಲ್ಲ. ಬೆಳಗ್ಗೆ ಎಂಟಕ್ಕೆ ಮಕ್ಕಳ ಡಾಕ್ಟರ ಕ್ಲಿನಿಕ್ಕಿಗೆ ನಾನೇ ಫೋನ್ ಮಾಡಿದೆ. "ಫೀಬರ್" ಅಂದೆ, ಜ್ವರ. ಆ ಕಡೆಯ ಹೆಂಗಸು "ಜೈಟ್ ವಾನ್?" ಅಂದಳು. ಮತ್ತೊಮ್ಮೆ ನಿಧಾನವಾಗಿ, "ಜೈಟ್ ವಾನ್?" ವಾನ್ ಅಂದರೆ ಯಾವಾಗ, ನನಗೆ ಗೊತ್ತಿದ್ದ ಪದ. ಆದರೆ ಕಿವಿಗೆ ಹತ್ತಲಿಲ್ಲ. ಮಗಳ ಹಣೆ ಮೇಲೆ ಒಂದು ಕೈ, ಇನ್ನೊಂದು ಕೈಯಲ್ಲಿ ಫೋನು. ಯಾವಾಗಿನಿಂದ ಜ್ವರ ಅಂತ ಕೇಳುತ್ತಿದ್ದಾಳೆ ಅಂತ ತಿಳಿಯುವ ಹೊತ್ತಿಗೆ ನಾನು ಅಳುತ್ತಿದ್ದೆ. "ಗೆಸ್ಟರ್ನ್" ಅಂದೆ, ನಿನ್ನೆ. ಆಕೆ ಹತ್ತು ಗಂಟೆಗೆ ಬನ್ನಿ ಅಂದಳು. ಮಗಳು ಎರಡು ದಿನದಲ್ಲಿ ಹುಷಾರಾದಳು. ಮೂರನೇ ದಿನ ಫೈಲಿನಿಂದ ಆ ಕಾಗದ ತೆಗೆದುಕೊಂಡು ನಾನೊಬ್ಬಳೇ ನಡೆದು ಫೋಲ್ಕ್ಸ್‌ಹೋಖ್‌ಶೂಲೆಗೆ ಹೋದೆ.

ಫೋಲ್ಕ್ಸ್‌ಹೋಖ್‌ಶೂಲೆ ಅಂದರೆ ದೊಡ್ಡವರಿಗಾಗಿ ಊರಿನವರೇ ನಡೆಸುವ ಕಲಿಕೆಯ ಶಾಲೆ. ಜರ್ಮನಿಯ ಬಹಳಷ್ಟು ಪಟ್ಟಣಗಳಲ್ಲಿ ಸಿಗುತ್ತದೆ. ಅಲ್ಲಿ ಹೊಲಿಗೆ, ಅಡುಗೆ, ಕಂಪ್ಯೂಟರ್, ಭಾಷೆ ಎಲ್ಲ ಕಲಿಸುತ್ತಾರೆ. ಖಾಸಗಿ ಭಾಷಾ ಶಾಲೆಗಳೂ ಈ ಕೋರ್ಸು ನಡೆಸುತ್ತವೆ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ್ದನ್ನು ಆರಿಸಿಕೊಳ್ಳಿ ಅನ್ನುವುದು ನನ್ನ ಸಲಹೆ. ಡಿಸೆಂಬರಿನ ಕತ್ತಲಲ್ಲಿ ಎರಡು ಬಸ್ಸು ಬದಲಿಸಿ ಹೋಗುವ ಕ್ಲಾಸು ಬೇಗ ತಪ್ಪುತ್ತದೆ.

ಸೇರುವ ಮುಂಚೆ ನಿಮಗೆ ಎಷ್ಟು ಬರುತ್ತದೆ ಅಂತ ಒಂದು ಸಣ್ಣ ಪರೀಕ್ಷೆ ಮಾಡುತ್ತಾರೆ. ಸ್ವಲ್ಪ ಬರವಣಿಗೆ, ಸ್ವಲ್ಪ ಮಾತು. ಇದಕ್ಕೆ ಓದಿಕೊಂಡು ಹೋಗಬೇಡಿ. ಪಾಸು, ಫೇಲು ಇಲ್ಲ. ಎದುರು ಕೂತ ಟೀಚರ್ ನನ್ನನ್ನು ಇವತ್ತು ಏನು ಮಾಡಿದಿರಿ ಅಂತ ಕೇಳಿದರು. ಎದ್ದೆ, ಚಹಾ ಮಾಡಿದೆ, ಮಗಳನ್ನು ಬಿಟ್ಟು ಬಂದೆ ಅಂದೆ. ಎ1 ಸರ್ಟಿಫಿಕೇಟ್ ಇದ್ದರೂ ಎರಡನೇ ಹಂತದಿಂದ ಶುರು ಮಾಡಿ ಅಂದರು. ಒಪ್ಪಿಕೊಂಡೆ. ಸರ್ಟಿಫಿಕೇಟ್ ತೋರಿಸಿ ಮೇಲಿನ ಹಂತಕ್ಕೆ ಹಟ ಮಾಡಿದ ಒಬ್ಬರು ನಾಲ್ಕು ವಾರದಲ್ಲಿ ಕ್ಲಾಸು ಬಿಟ್ಟರು.

ಕೋರ್ಸಿನ ಲೆಕ್ಕ ಹೀಗೆ. ಭಾಷೆಗೆ 600 ಪಾಠದ ಅವಧಿ, ದೇಶದ ಕಾನೂನು, ಇತಿಹಾಸ, ಜೀವನಕ್ಕೆ 100. ಒಂದು ಅವಧಿ 45 ನಿಮಿಷ. ನೂರು ನೂರರ ಹಂತ ಮಾಡಿರುತ್ತಾರೆ. ನಾನು ಸೇರಿದಾಗ ಒಂದು ಅವಧಿಗೆ 1.95 ಯೂರೋ, ಅಂದರೆ ಪ್ರತಿ ಹಂತಕ್ಕೆ 195 ಯೂರೋ. ಎರಡು ವರ್ಷದೊಳಗೆ ಪಾಸಾದರೆ ಕಟ್ಟಿದ್ದರಲ್ಲಿ ಅರ್ಧ ವಾಪಸ್ ಕೇಳುವ ನಿಯಮ ಆಗ ಇತ್ತು. ಅದಕ್ಕೆ ರಸೀದಿಗಳನ್ನು ಎತ್ತಿಟ್ಟಿದ್ದೆ. ಸಣ್ಣ ಮಕ್ಕಳಿರುವ ತಾಯಂದಿರಿಗೆ ಆಗ ಬೇರೆ ಕೋರ್ಸು ಇತ್ತು, ಇಂಗ್ಲಿಷ್ ಅಕ್ಷರವೇ ಬಾರದವರಿಗೆ ಅಕ್ಷರದಿಂದ ಶುರು ಮಾಡುವ ಕೋರ್ಸೂ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ, ನನಗಾಗದು ಅನ್ನುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ನಾನೂ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದವಳೇ.

ಕ್ಲಾಸಿನ ಒಳಗೆ

ಮೊದಲ ದಿನ ದಪ್ಪ ಕಾಗದ ಮಡಚಿ ಹೆಸರು ಬರೆದು ಮೇಜಿನ ಮೇಲೆ ನಿಲ್ಲಿಸಿದೆವು. ಸಿರಿಯಾ, ಎರಿಟ್ರಿಯಾ, ರೊಮೇನಿಯಾ, ವಿಯೆಟ್ನಾಂ, ಬ್ರೆಜಿಲ್. ಟೀಚರ್ ಬಾಯಲ್ಲಿ ಜರ್ಮನ್ ಬಿಟ್ಟು ಬೇರೆ ಒಂದು ಪದ ಇಲ್ಲ. "ವೋಹೇರ್ ಕೊಮೆನ್ ಜೀ?" ಎಲ್ಲಿಂದ ಬಂದಿದ್ದೀರಿ? ನಾನು ಇಂಡಿಯಾ ಅಂತ ಹೇಳಬೇಕಾಗಿತ್ತು, ಬಾಯಿಗೆ ಬಂದಿದ್ದು ಕಲಬುರಗಿ. ಟೀಚರ್ ಗೋಡೆಯ ಭೂಪಟದ ಹತ್ತಿರ ಕರೆದರು. ಅದರಲ್ಲಿ ಹೈದರಾಬಾದ್ ಇತ್ತು. ಅದರ ಪಶ್ಚಿಮಕ್ಕೆ ಬೆರಳಿಟ್ಟು "ಹಿಯರ್" ಅಂದೆ. ಆ ಏಳು ತಿಂಗಳಲ್ಲಿ ನನ್ನ ಊರು ಯಾವುದು ಅಂತ ನನ್ನನ್ನೇ ನೇರವಾಗಿ ಕೇಳಿದವರು ಅವರೇ ಮೊದಲು.

ಹೈದರಾಬಾದಿನ ತೆಲುಗು ಹುಡುಗಿ ಪಕ್ಕದಲ್ಲಿದ್ದಳು. ಮೊದಲ ವಾರ ಇಬ್ಬರೂ ತೆಲುಗು, ಹಿಂದಿಯಲ್ಲೇ ಮಾತಾಡಿದೆವು. ಹಿತವಾಗಿತ್ತು, ಕಲಿಕೆ ಆಗಲಿಲ್ಲ. ಎರಡನೇ ವಾರ ಅವಳಿಗೆ ಹೇಳಿಯೇ ಎದ್ದು ಸಿರಿಯಾದ ಅಕ್ಕನ ಪಕ್ಕ ಕೂತೆ. ಆಕೆಗೆ ಅರಬ್ಬಿ, ನನಗೆ ಕನ್ನಡ, ನಡುವೆ ಮುರುಕು ಜರ್ಮನ್ ಬಿಟ್ಟರೆ ದಾರಿ ಇಲ್ಲ. ಆಕೆ ಮಕ್ಕಳ ಬಗ್ಗೆ ಹೇಳುವಳು, ನಾನು ಜೋಳದ ರೊಟ್ಟಿ ಬಗ್ಗೆ. ರೊಟ್ಟಿ ಹೇಗೆ ಮಾಡುತ್ತೀರಿ ಅಂತ ಜರ್ಮನಿನಲ್ಲಿ ವಿವರಿಸಲು ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಹಿಟ್ಟು, ಬಿಸಿನೀರು, ಬಡಿ, ಹೆಂಚು, ತಿರುವು, ಅಷ್ಟೂ ಪದ ಇಂದಿಗೂ ಮರೆತಿಲ್ಲ. ನಿಮ್ಮ ಭಾಷೆ ಬಾರದವರ ಪಕ್ಕ ಕೂತುಕೊಳ್ಳಿ.

ಮಾರ್ಚ್‌ನಲ್ಲಿ ಕೊರೊನಾ ಬಂತು, ಶಾಲೆ ಮುಚ್ಚಿತು, ಕ್ಲಾಸು ಮೊಬೈಲಿಗೆ ಬಂತು. ಒಂದೇ ಮಾತು: ಆನ್‌ಲೈನ್ ಆದರೆ ಕ್ಯಾಮೆರಾ ಆಫ್ ಮಾಡಬೇಡಿ. ಮುಖ ಮುಚ್ಚಿಕೊಂಡವರು ಬಾಯಿಯನ್ನೂ ಮುಚ್ಚಿಕೊಳ್ಳುತ್ತಾರೆ.

ಕ್ಲಾಸಿನ ಹೊರಗೆ ದಿನಕ್ಕೊಂದು ಕೆಲಸ ನೀವೇ ಮಾತಾಡಿ ಮುಗಿಸಿ. ಬ್ರೆಡ್ ಅಂಗಡಿ, ಪೋಸ್ಟು, ಲೈಬ್ರರಿ. ಗಂಡ ಜೊತೆಗಿದ್ದರೆ ಎರಡು ಹೆಜ್ಜೆ ಹಿಂದೆ ನಿಲ್ಲಲಿ. ಹೊರಡುವ ಮುಂಚೆ ಬೇಕಾಗುವ ಮೂರು ವಾಕ್ಯ ಚೀಟಿಯಲ್ಲಿ ಬರೆದುಕೊಳ್ಳಿ, ಬಂದ ಮೇಲೆ ಕೇಳಿ ಅರ್ಥವಾಗದ ಮೂರು ಪದ ಅದೇ ಚೀಟಿಯ ಹಿಂದೆ ಬರೆಯಿರಿ. "ಇಶ್ ಲೆರ್ನೆ ನೋಖ್ ಡಾಯ್ಚ್, ಬಿಟ್ಟೆ ಲಾಂಗ್‌ಜಾಮ್", ನಾನಿನ್ನೂ ಜರ್ಮನ್ ಕಲಿಯುತ್ತಿದ್ದೇನೆ, ದಯವಿಟ್ಟು ನಿಧಾನ. ಇದನ್ನು ಹೇಳಿದ ಮೇಲೆ ನನ್ನ ಜೊತೆ ಸಿಡುಕಿದವರು ಬಹಳ ಕಡಿಮೆ.

ಮಕ್ಕಳು ನಿಮಗಿಂತ ಬೇಗ ಕಲಿಯುತ್ತಾರೆ. ದಯವಿಟ್ಟು ಡಾಕ್ಟರ ಹತ್ತಿರ, ಆಫೀಸಿನಲ್ಲಿ ಮಗುವನ್ನು ದುಭಾಷಿ ಮಾಡಬೇಡಿ. ದೊಡ್ಡವರ ಚಿಂತೆ ಅದರ ತಲೆಗೆ ಬೀಳುತ್ತದೆ, ನೀವು ಕಲಿಯುವುದೂ ನಿಲ್ಲುತ್ತದೆ.

ಕೊನೆಗೆ ಎರಡು ಪರೀಕ್ಷೆ. ಭಾಷೆಯದರಲ್ಲಿ ಎ2 ಅಥವಾ ಬಿ1 ಸಿಗುತ್ತದೆ. ಒಂದು ಗುಟ್ಟು ತಿಳಿದಿರಲಿ. ಒಟ್ಟಾರೆ ಬಿ1 ಬೇಕಾದರೆ ಮಾತಾಡುವ ಭಾಗದಲ್ಲಿ ಬಿ1 ಬರಲೇಬೇಕು. ಜೊತೆಗೆ ಕೇಳುವುದು-ಓದುವುದು ಒಂದು, ಬರೆಯುವುದು ಇನ್ನೊಂದು, ಈ ಎರಡರಲ್ಲಿ ಒಂದಾದರೂ ಬಿ1 ಆಗಬೇಕು. ನಮ್ಮವರು ವ್ಯಾಕರಣ ಬರೆದು ಬರೆದು ಮಾತಿಗೆ ಬಂದಾಗ ಕೂತುಬಿಡುತ್ತಾರೆ. ಮಾತಿನ ಪರೀಕ್ಷೆ ಇಬ್ಬರಿಬ್ಬರಿಗೆ ನಡೆಯುತ್ತದೆ: ಪರಿಚಯ, ಒಂದು ಚಿತ್ರದ ವಿವರಣೆ, ಜೊತೆಯವರೊಂದಿಗೆ ಏನನ್ನಾದರೂ ಯೋಜಿಸುವುದು. ಒಂದು ತಿಂಗಳು ದಿನಾ ಒಂದು ಫೋಟೋ ಹಿಡಿದು ಎರಡು ನಿಮಿಷ ಮಾತಾಡಿ, ರೆಕಾರ್ಡ್ ಮಾಡಿ ಕೇಳಿ. ಎರಡನೇ ಪರೀಕ್ಷೆ ದೇಶದ ಬಗ್ಗೆ: 33 ಪ್ರಶ್ನೆ, 60 ನಿಮಿಷ, 15 ಸರಿ ಆದರೆ ಪಾಸು, 17 ಸರಿ ಆದರೆ ಮುಂದೆ ಪೌರತ್ವಕ್ಕೂ ಅದೇ ನಡೆಯುತ್ತದೆ. ಪ್ರಶ್ನೆಗಳೆಲ್ಲ ಮೊದಲೇ ಬಹಿರಂಗ. ಇಡೀ ದೇಶಕ್ಕೆ 300, ನೀವಿರುವ ರಾಜ್ಯಕ್ಕೆ 10. ಅದಕ್ಕೆ ಹೆದರಬೇಕಾಗಿಲ್ಲ.

ನರ್ಸಿಂಗ್ ಓದಿದವರಿಗೆ ಬಿ1 ಸಾಲದು. ಆಸ್ಪತ್ರೆಯಲ್ಲಿ ಪೂರ್ಣ ನರ್ಸ್ ಆಗಿ ಕೆಲಸ ಮಾಡಲು ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ಏಜೆಂಟರು ಭಾಷೆ ಕಲಿಸುತ್ತೇವೆ ಅಂತ ಕರಾರಿಗೆ ಸಹಿ ಕೇಳಿದರೆ, ನಡುವೆ ಬಿಟ್ಟರೆ ಎಷ್ಟು ವಾಪಸ್ ಕೊಡಬೇಕು ಅನ್ನುವ ಸಾಲನ್ನು ಹುಡುಕಿ ಓದಿದ ಮೇಲೆಯೇ ಸಹಿ ಮಾಡಿ.

ಬೇರೆ ದೇಶಕ್ಕೆ ಹೋಗುವವರೂ ಬರುತ್ತಾರೆ, ಅವರಿಗೆ ಚಿಕ್ಕದಾಗಿ. ಕೆನಡಾದಲ್ಲಿ ಕಾಯಂ ನಿವಾಸಿಗಳಿಗೆ ಲಿಂಕ್ ಅನ್ನುವ ಇಂಗ್ಲಿಷ್ ಕ್ಲಾಸು ಪುಕ್ಕಟೆ, ಮೊದಲು ಮಟ್ಟ ನೋಡುವ ಪರೀಕ್ಷೆ ಇರುತ್ತದೆ. ಸ್ವೀಡನ್ನಿನಲ್ಲಿ ವೈಯಕ್ತಿಕ ನಂಬರು ಸಿಕ್ಕ ಮೇಲೆ ನೀವಿರುವ ಊರಿನ ಪೌರಸಭೆಯಲ್ಲಿ ಎಸ್‌ಎಫ್‌ಐ ಅನ್ನುವ ಸ್ವೀಡಿಷ್ ಕ್ಲಾಸಿಗೆ ಪುಕ್ಕಟೆ ಸೇರಬಹುದು. ಆಸ್ಟ್ರೇಲಿಯಾದಲ್ಲಿ ಎಎಂಇಪಿ ಅನ್ನುವ ಇಂಗ್ಲಿಷ್ ಕ್ಲಾಸು ಇದೆ. ಯಾವ ದೇಶವಾದರೂ ವಿಳಾಸ ನೋಂದಾಯಿಸಿದ ದಿನವೇ ಆ ಕಿಟಕಿಯಲ್ಲಿ ಭಾಷೆಯ ಕ್ಲಾಸು ಎಲ್ಲಿ ಅಂತ ಕೇಳಿ.

ಶಹಾಪುರದ ಹುಡುಗಿ ಈಗ ಪರೀಕ್ಷೆಯ ತಾರೀಖು ಹಿಡಿದಿದ್ದಾಳೆ. ಹೈದರಾಬಾದಿಗೆ ಅಪ್ಪನ ಜೊತೆ ಹೋಗುತ್ತಾಳೆ. ಅಸಲು ಪಾಸ್‌ಪೋರ್ಟ್, ಎರಡು ಪೆನ್ನು, ಒಂದು ಬಾಟಲಿ ನೀರು, ಪರೀಕ್ಷೆಗೆ ಒಂದು ತಾಸು ಮುಂಚೆ ಬಾಗಿಲಲ್ಲಿರಬೇಕು ಅಂತ ಹೇಳಿದ್ದೇನೆ. ಸಂಜೆ ಬಿಸಿಲು ಇಳಿದ ಮೇಲೆ ಮಾಳಿಗೆ ಮೇಲೆ ಕೂತು ಅಭ್ಯಾಸ ಮಾಡುತ್ತೇವೆ. ನಿನ್ನೆ ತನ್ನ ಊರನ್ನು ಬಿಡಿಸಿ ಹೇಳಿದಳು. ಎಸ್, ಹಾ, ಆ, ಹಾ, ಆ, ಪೇ, ಊ, ಎರ್. ಒಮ್ಮೆಯೂ ತಡವರಿಸಲಿಲ್ಲ. ಇವತ್ತು ಫೋನ್ ನಂಬರು.